ಹೊಳಪಿನ ಕೆಳಗಿನ ಕೆಲಸ

ಮಾತು ಶುರುಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ನೀವೀಗ ಅಡುಗೆಮನೆಯಲ್ಲೇ ಇದ್ದರೆ, ಒಲೆಯ ಪಕ್ಕದ ಕಟ್ಟೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿ. ಗ್ರಾನೈಟ್ ಕಟ್ಟೆಯೋ ಕಡಪ ಕಲ್ಲೋ ಆಗಿದ್ದರೆ ಸದ್ದು ಬರುವುದಿಲ್ಲ. ಬೆರಳಿಗೆ ನೋವಾಗುತ್ತದೆ, ಅಷ್ಟೆ. ಸ್ಟೀಲ್ ಕಟ್ಟೆ ಆಗಿದ್ದರೆ ಎರಡು ಬಗೆಯ ಸದ್ದು ಬರಬಹುದು. ಒಂದು, ತಟ್ಟೆ ಬಿದ್ದಂತೆ "ಟಣ್" ಎಂಬ ಸದ್ದು. ಇನ್ನೊಂದು, ದಪ್ಪ ಬಾಗಿಲನ್ನು ತಟ್ಟಿದಂತೆ "ದಬ್" ಎಂಬ ಮಂದವಾದ ಸದ್ದು.

ಈ ಎರಡು ಸದ್ದುಗಳ ನಡುವಿನ ವ್ಯತ್ಯಾಸವೇ ಇವತ್ತಿನ ನನ್ನ ಮಾತು. ಮನೆಯ ಅಡುಗೆಕಟ್ಟೆಗೆ ಸ್ಟೀಲ್ ಹಾಸುವುದು ಹೇಗೆ? ಹಾಸುವಾಗ ಯಾವುದನ್ನು ನೋಡಬೇಕು? ಅಂಗಡಿಯಲ್ಲಿ ನಮ್ಮ ಕಣ್ಣು ಹೊಳಪಿನ ಮೇಲೆ ಹೋಗುತ್ತದೆ. ಕಟ್ಟೆ ಬಾಳುವುದು ಮಾತ್ರ ಹೊಳಪಿನ ಕೆಳಗಿನ ಕೆಲಸದಿಂದ. ಕಣ್ಣಿಗೆ ಕಾಣದ ಆ ಕೆಲಸದ ಬಗ್ಗೆ ಹೇಳಲು ಬಾನುಲಿಗಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ.

ಮೊದಲಿಗೆ, ಸ್ಟೀಲ್ ಯಾಕೆ?

ಒಂದು ಲೆಕ್ಕ ಕೇಳಿ. 8 ಅಡಿ ಉದ್ದ, 2 ಅಡಿ ಅಗಲದ ಕಟ್ಟೆ ಎಂದುಕೊಳ್ಳಿ. ಅಷ್ಟಕ್ಕೆ ಮುಕ್ಕಾಲು ಅಂಗುಲ ದಪ್ಪದ ಗ್ರಾನೈಟ್ ಹಾಸಿದರೆ ಸುಮಾರು 80 ಕಿಲೋ ತೂಕ. ನಾಲ್ಕು ಜನ ಹಿಡಿದು ತರಬೇಕು. ಅದೇ ಅಳತೆಯ ಸ್ಟೀಲ್ ಶೀಟ್, ಅಡುಗೆಕಟ್ಟೆಗೆ ಬಳಸುವ ದಪ್ಪದ್ದು, ಸುಮಾರು 14 ಕಿಲೋ. ಒಬ್ಬರೇ ಎತ್ತಬಹುದು. ಹಳೆಯ ಮನೆಯ ಗೋಡೆಗೆ ಭಾರ ಹೊರಿಸಲು ಹೆದರುವವರಿಗೆ ಇದು ದೊಡ್ಡ ಸಮಾಧಾನ.

ಎರಡನೆಯದು, ಸ್ಟೀಲು ಏನನ್ನೂ ಹೀರುವುದಿಲ್ಲ. ಅರಿಶಿನ ಬಿದ್ದರೂ ಒರೆಸಿದರೆ ಹೋಯಿತು. ಎಣ್ಣೆ ಒಳಗೆ ಇಳಿಯುವುದಿಲ್ಲ. ಸಿಂಕನ್ನು ಕಟ್ಟೆಗೇ ಬೆಸೆಯಬಹುದು. ಆಗ ನಡುವೆ ಸಂದೇ ಇರುವುದಿಲ್ಲ. ಸಂದಿಲ್ಲದ ಮೇಲೆ ಜಿರಲೆಗೂ ಜಾಗವಿಲ್ಲ, ಕೊಳೆಗೂ ಜಾಗವಿಲ್ಲ. ನಮ್ಮ ಹೋಟೆಲುಗಳ ಅಡುಗೆಮನೆಗಳು, ನಿಂತು ತಿನ್ನುವ ದರ್ಶಿನಿಗಳ ಮೇಜುಗಳು ಸ್ಟೀಲಿನವಾಗಿರುವುದು ಇದೇ ಕಾರಣಕ್ಕೆ. ದಿನಕ್ಕೆ ನೂರು ಸಲ ಒರೆಸಿದರೂ ಅವು ಜಗ್ಗುವುದಿಲ್ಲ.

ಬೇರೆ ಲೋಹಗಳೂ ಇವೆ. ತಾಮ್ರದ ಹಾಸು ನೋಡಲು ಚಂದ. ಹುಣಸೆಹುಳಿ ಬಿದ್ದ ಕಡೆ ಬಣ್ಣ ಬದಲಾಗುತ್ತದೆ, ಬಿಟ್ಟರೆ ಕಿಲುಬು ಕಟ್ಟುತ್ತದೆ. ನಮ್ಮ ಅಜ್ಜಿಯರು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಸುಮ್ಮನೆ ಅಲ್ಲ. ಅಲ್ಯೂಮಿನಿಯಂ ಮೆತು, ಉಜ್ಜಿದರೆ ಕೈಗೆ ಕಪ್ಪು. ಸತುವು ಹುಳಿಗೆ ಸವೆಯುತ್ತದೆ. ದಿನವೂ ಸಾರು, ಹುಳಿ, ಗೊಜ್ಜು ಮಾಡುವ ಮನೆಗೆ ತುಕ್ಕು ಹಿಡಿಯದ ಉಕ್ಕೇ ಒಗ್ಗುವ ಲೋಹ.

ಈಗ ನನ್ನ ಮನೆಯ ಕತೆ ಹೇಳಬೇಕು. ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು.

ನಮ್ಮದು ಶಿವಮೊಗ್ಗ. ಹೆಂಚಿನ ಮನೆ. ಮಳೆಗಾಲದ ನಾಲ್ಕು ತಿಂಗಳು ಬಟ್ಟೆಯೂ ಒಣಗದ, ಬೆಂಕಿಪೆಟ್ಟಿಗೆಯೂ ಹೊತ್ತದ ತೇವ. ಅಡುಗೆಮನೆಯ ಹಳೆಯ ಕಡಪ ಕಲ್ಲು ಬಿರುಕು ಬಿಟ್ಟಿತ್ತು. ಅಮ್ಮನಿಗೆ ಸ್ಟೀಲ್ ಕಟ್ಟೆಯ ಆಸೆ. ಒಬ್ಬರಿಗೆ ಕೆಲಸ ಒಪ್ಪಿಸಿದೆವು. ಮೂರು ದಿನದಲ್ಲಿ ಕಲ್ಲು ತೆಗೆದು, ಪ್ಲೈವುಡ್ ಹಾಕಿ, ಮೇಲೆ ಸ್ಟೀಲ್ ಅಂಟಿಸಿಕೊಟ್ಟರು. ಕನ್ನಡಿಯಂತೆ ಹೊಳೆಯುತ್ತಿತ್ತು. ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು.

ಮರುದಿನ ಬೆಳಗಿನ ಜಾವ ಐದು ಗಂಟೆಗೆ ಮನೆಯವರೆಲ್ಲ ಬೆಚ್ಚಿ ಎದ್ದೆವು. ಅಮ್ಮ ಕಟ್ಟೆಯ ಮೇಲೆ ಕುಕ್ಕರ್ ಇಟ್ಟಿದ್ದರು. ಇಟ್ಟ ಸದ್ದು ಜಾಗಟೆ ಬಾರಿಸಿದಂತಿತ್ತು. ಅವತ್ತಿನಿಂದ ಅಮ್ಮ ಹಳೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲೆ ಹಾಸಿದರು. ಏನೇ ಇಟ್ಟರೂ ಅದರ ಮೇಲೇ ಇಡುವುದು. ಮಲಗಿದ ಮೊಮ್ಮಗ ಏಳಬಾರದಲ್ಲ. ಹೊಸ ಕಟ್ಟೆ ಬಂತು, ಅದನ್ನು ಮುಚ್ಚಲು ಬಟ್ಟೆಯೂ ಬಂತು.

ಎರಡನೇ ಮಳೆಗಾಲಕ್ಕೆ ಸಿಂಕಿನ ಪಕ್ಕ ತಗಡು ಉಬ್ಬಿತು. ಕೆಳಗಿನ ಪ್ಲೈವುಡ್ ನೀರು ಕುಡಿದು ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಮುಟ್ಟಿದರೆ ನೆನೆದ ಅವಲಕ್ಕಿಯಂತೆ ಕೈಗೆ ಬರುತ್ತಿತ್ತು. ಮೇಲಿನ ಸ್ಟೀಲ್ ಮಾತ್ರ ಹಾಗೇ ಹೊಳೆಯುತ್ತಿತ್ತು. ಕೆಟ್ಟದ್ದು ಮೇಲಲ್ಲ, ಕೆಳಗೆ.

ಇದಾದ ಮೇಲೆ ನಾನು ಫ್ಯಾಬ್ರಿಕೇಶನ್ ಕೆಲಸದವರ ಹತ್ತಿರ ಕೂತು ಕಲಿತೆ. ಹೋಟೆಲುಗಳಿಗೆ ಕಟ್ಟೆ ಮಾಡಿಕೊಡುವ ಹಿರಿಯ ಕೆಲಸಗಾರರೊಬ್ಬರು ನಮ್ಮ ಮನೆಗೆ ಬಂದರು. ಕಟ್ಟೆಯನ್ನು ಒಮ್ಮೆ ತಟ್ಟಿದರು. "ಅಕ್ಕಾ, ಇದು ಟೊಳ್ಳು. ಮದ್ದಳೆ ಮೇಲೆ ಅಡುಗೆ ಮಾಡ್ತಾ ಇದೀರಿ," ಅಂದರು. ಅವರ ಜೊತೆಗೂಡಿ ಎರಡನೇ ಸಲ ಕಟ್ಟಿಸಿದೆವು. ಆಗ ತಿಳಿದುಕೊಂಡದ್ದನ್ನು ಐದು ಮಾತುಗಳಲ್ಲಿ ನಿಮ್ಮ ಮುಂದೆ ಇಡುತ್ತೇನೆ. ಎತ್ತರ, ಲೋಹ, ತಳ, ಅಂಚು, ಭೂಮಿಗಿಳಿಸುವ ತಂತಿ. ಬೆರಳು ಮಡಿಚಿ ಎಣಿಸಿಕೊಳ್ಳಿ.

ಮೊದಲನೆಯದು ಎತ್ತರ.

ತಗಡಿಗೆ ಕೈ ಹಾಕುವ ಮೊದಲು ಅಡುಗೆ ಮಾಡುವವರನ್ನು ಅಳೆಯಬೇಕು. ಕಟ್ಟೆಯ ಮುಂದೆ ನೇರ ನಿಲ್ಲಿ. ಮೊಣಕೈ ಮಡಿಸಿ. ನೆಲದಿಂದ ಮೊಣಕೈವರೆಗೆ ಅಳತೆ ತೆಗೆಯಿರಿ. ಅದಕ್ಕಿಂತ 4ರಿಂದ 6 ಅಂಗುಲ ತಗ್ಗಿನಲ್ಲಿ ಕಟ್ಟೆ ಇರಬೇಕು. ತರಕಾರಿ ಹೆಚ್ಚಲು, ಚಪಾತಿ ಲಟ್ಟಿಸಲು ಆ ಎತ್ತರ ಹಿತ. 5 ಅಡಿ ಎತ್ತರದ ನಮ್ಮ ಅಮ್ಮನಿಗೆ ಅದು 32 ಅಂಗುಲಕ್ಕೆ ಬಂತು. ಮೊದಲು ಕಟ್ಟಿದ್ದು 35 ಅಂಗುಲ. ಎರಡು ವರ್ಷ ಅವರು ಭುಜ ಎತ್ತಿಕೊಂಡೇ ಹಿಟ್ಟು ನಾದಿದ್ದರು. ಭುಜನೋವು ವಯಸ್ಸಿನದೆಂದು ನಾವು ತಿಳಿದಿದ್ದೆವು.

ಒಲೆಯ ಜಾಗದ್ದು ಬೇರೆ ಲೆಕ್ಕ. ಗ್ಯಾಸ್ ಒಲೆಯೇ ನಾಲ್ಕೈದು ಅಂಗುಲ ಎತ್ತರ. ಅದರ ಮೇಲೆ ಕುಕ್ಕರ್. ಅದರೊಳಗೆ ಸೌಟು ಆಡಿಸಬೇಕಾದರೆ ಕೈ ಎದೆಯ ಮಟ್ಟಕ್ಕೆ ಏರುತ್ತದೆ. ಆದ್ದರಿಂದ ಒಲೆ ಇಡುವ ಭಾಗವನ್ನು 4 ಅಂಗುಲ ತಗ್ಗಿಸುವುದು ಒಳ್ಳೆಯದು. ಕಲ್ಲಿನಲ್ಲಿ ಈ ಮೆಟ್ಟಿಲು ಮಾಡಿದರೆ ಸಂದು ಬೀಳುತ್ತದೆ. ಸ್ಟೀಲನ್ನು ಬಾಗಿಸಿ, ಬೆಸೆದು ಒಂದೇ ಮೈಯಾಗಿ ಮಾಡಬಹುದು. ಇನ್ನೊಂದು ಎಚ್ಚರ. ಹಳೆಯ ಕಲ್ಲಿನ ಮೇಲೇ ಪ್ಲೈವುಡ್ ಹಾಕಿ ಸ್ಟೀಲ್ ಹೊದಿಸಿದರೆ ಕಟ್ಟೆ ಮುಕ್ಕಾಲು ಅಂಗುಲ ಮೇಲೇರುತ್ತದೆ. ಅಳೆಯುವಾಗ ಅದನ್ನೂ ಸೇರಿಸಿ.

ಮೊದಲ ಮಾತು ಇಷ್ಟು: ಮೊಣಕೈಯಿಂದ ಅಳತೆ, ಒಲೆಗೆ ತಗ್ಗು. ಈಗ ಎರಡನೆಯದಕ್ಕೆ ಹೋಗೋಣ. ಲೋಹ.

ಸ್ಟೀಲ್ ಎಂದರೆ ಎಲ್ಲವೂ ಒಂದೇ ಅಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬವರು ಬೇಗ ಸವೆಯದ ಬಂದೂಕಿನ ನಳಿಗೆಗಾಗಿ ಉಕ್ಕು ಹುಡುಕುತ್ತಿದ್ದರು. ಉಕ್ಕಿಗೆ ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಬೆರೆಸಿ ನೋಡಿದರು. ಆ ಉಕ್ಕು ವಿನೆಗರ್‌ಗೂ ನಿಂಬೆರಸಕ್ಕೂ ಜಗ್ಗಲಿಲ್ಲ. ಶೆಫೀಲ್ಡ್ ಚಾಕು ಚೂರಿಗಳಿಗೆ ಹೆಸರಾದ ಊರು. ಬಂದೂಕಿಗೆಂದು ಹುಡುಕಿದ್ದು ಊಟದ ಮೇಜಿಗೆ ಬಂತು.

ಇದರ ಗುಟ್ಟು ಏನು? ಕ್ರೋಮಿಯಂ ಗಾಳಿಯೊಂದಿಗೆ ಸೇರಿ ಉಕ್ಕಿನ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ. ಗೀರು ಬಿದ್ದರೆ ಆ ಜಾಗದಲ್ಲಿ ಪೊರೆ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ನಮ್ಮ ಚರ್ಮ ಮಾಯುವಂತೆ. ಬಣ್ಣ ಬಳಿದ ಕಬ್ಬಿಣಕ್ಕೆ ಈ ಶಕ್ತಿ ಇಲ್ಲ.

ಅಂಗಡಿಯಲ್ಲಿ ನೀವು ಕೇಳಬೇಕಾದ ಅಂಕಿ 304. ಇದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಇದಕ್ಕಿಂತ ಅಗ್ಗವಾದದ್ದು 202. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ನೋಡಲು ಎರಡೂ ಅವಳಿ ಜವಳಿ. ಉಪ್ಪು, ಹುಳಿ, ನೀರು ದಿನವೂ ಬೀಳುವ ಕಟ್ಟೆಯಲ್ಲಿ 202 ಬೇಗ ಕಂದುಚುಕ್ಕೆ ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕಡಲಂಚಿನ ಊರುಗಳ ಗಾಳಿಯಲ್ಲೇ ಉಪ್ಪಿದೆ. ಅಲ್ಲಿಯವರು ಕೈಲಾದರೆ 316 ಕೇಳಬೇಕು. ಅದರಲ್ಲಿ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪನ್ನು ಹೆಚ್ಚು ತಡೆಯುತ್ತದೆ.

ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಅಂಟಿದರೆ ಕೆಟ್ಟದ್ದು, ಅಂಟದಿದ್ದರೆ ಒಳ್ಳೆಯದು ಎನ್ನುತ್ತಾರೆ. ಇದು ಅರ್ಧ ನಿಜ. 304ಕ್ಕೂ 202ಕ್ಕೂ, ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಹಾಗಾಗಿ ಅವೆರಡರ ಭೇದವನ್ನು ಅದು ಹೇಳಲಾರದು. ಶೀಟಿನ ಮೇಲೆ ಕಾರ್ಖಾನೆಯವರು ಮುದ್ರಿಸಿದ ಗುರುತು ನೋಡಿ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ.

ಇನ್ನು ದಪ್ಪ. ಅಂಗಡಿಯವರು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಇದರಲ್ಲಿ ಅಂಕಿ ದೊಡ್ಡದಾದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. 16 ಗೇಜ್ ಅದಕ್ಕಿಂತ ದಪ್ಪ, ಸುಮಾರು ಒಂದೂವರೆ ಮಿಲಿಮೀಟರ್. 20 ಗೇಜ್ ಒಂದು ಮಿಲಿಮೀಟರಿಗೂ ಕಡಿಮೆ. ಮನೆಯ ಕಟ್ಟೆಗೆ 18 ಗೇಜಿಗಿಂತ ತೆಳುವಾದದ್ದು ಬೇಡ. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. 8 ಅಡಿಗೆ 2 ಅಡಿ 18 ಗೇಜ್ ತಗಡು 14 ಕಿಲೋ ತೂಗಿದರೆ, 20 ಗೇಜ್ ತೂಗುವುದು 11 ಕಿಲೋ ಆಸುಪಾಸು. ನಾನು ತೂಗಿಸಿಯೇ ತಂದೆ. ನೀವೂ ಸಂಕೋಚ ಪಡಬೇಡಿ. ಬಾಳೆಹಣ್ಣನ್ನು ತೂಗಿಸಿ ಕೊಳ್ಳುವ ನಾವು ಇಪ್ಪತ್ತು ವರ್ಷ ಬಾಳಬೇಕಾದ ಕಟ್ಟೆಯನ್ನು ತೂಗಿಸದೆ ಯಾಕೆ ಕೊಳ್ಳಬೇಕು?

ಹೊಳಪಿನ ಬಗ್ಗೆ ಒಂದೇ ಮಾತು. ಕನ್ನಡಿ ಹೊಳಪಿನ ತಗಡು ಬೇಡ. ಒಂದು ವಾರದಲ್ಲೇ ಗೀರುಗಳು ಎದ್ದು ಕಾಣುತ್ತವೆ. ಒಂದೇ ದಿಕ್ಕಿನಲ್ಲಿ ಸಣ್ಣ ಗೆರೆ ಎಳೆದಂತಿರುವ ಮ್ಯಾಟ್ ಶೀಟ್ ಸಿಗುತ್ತದೆ. ಮೇಲೆ ಕೈಯಾಡಿಸಿದರೆ ರೇಷ್ಮೆ ನೇಯ್ಗೆಯಂತೆ ಗೆರೆ ತಗಲುತ್ತದೆ. ಗೀರುಗಳು ಅದರಲ್ಲಿ ಬೆರೆತು ಹೋಗುತ್ತವೆ.

ಇಲ್ಲಿಯವರೆಗೆ ಎರಡು ಬೆರಳು ಮಡಿಚಿದೆವು. ಎತ್ತರ ಮೊಣಕೈಯಿಂದ. ಲೋಹ 304, ದಪ್ಪ 18 ಗೇಜ್, ತೂಗಿಸಿ ತರಬೇಕು. ಈಗ ಮೂರನೆಯದು. ಇದೇ ಇವತ್ತಿನ ಮಾತಿನ ಹೃದಯ. ತಳ.

ತಗಡು ಕಟ್ಟೆಯ ಚರ್ಮ. ಅದಕ್ಕೆ ಎಲುಬಿಲ್ಲ. 1.2 ಮಿಲಿಮೀಟರ್ ತಗಡನ್ನು ಎರಡು ಕಂಬಗಳ ಮೇಲೆ ಇಟ್ಟು ಕೈಯೂರಿದರೆ ಬಾಗುತ್ತದೆ. ಅದರ ಕೆಳಗೆ ಎಲ್ಲೂ ಟೊಳ್ಳಿಲ್ಲದಂತೆ ಆಸರೆ ಕೊಡಬೇಕು. ಟೊಳ್ಳಿದ್ದ ಕಡೆ ತಗ್ಗು ಬೀಳುತ್ತದೆ. ಟೊಳ್ಳಿದ್ದ ಕಡೆಯೇ "ಟಣ್" ಎಂಬ ಸದ್ದು ಹುಟ್ಟುತ್ತದೆ.

ತಳಕ್ಕೆ ಎರಡು ದಾರಿಗಳಿವೆ. ಹಳೆಯ ಕಲ್ಲು ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯ ಆಸರೆ ಸಿಗುವುದಿಲ್ಲ. ಆದರೆ ವರ್ಷಗಟ್ಟಲೆ ಒಗ್ಗರಣೆಯ ಜಿಡ್ಡು ಕುಡಿದ ಕಲ್ಲಿಗೆ ಅಂಟು ಹಿಡಿಯುವುದಿಲ್ಲ. ಸೋಡಾ ಹಾಕಿದ ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಬೇಕು. ಆಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಬೇಕು. ತಗ್ಗಿದ್ದ ಕಡೆ ತುಂಬಿಸಬೇಕು. ಸಿಂಕಿನ ಕಡೆಗೆ ಒಂದಿಷ್ಟೇ ಇಳಿಜಾರು ಕೊಟ್ಟರೆ ಚೆಲ್ಲಿದ ನೀರು ತಾನಾಗಿ ಹರಿದು ಹೋಗುತ್ತದೆ.

ಕಲ್ಲಿಲ್ಲದಿದ್ದರೆ ಪ್ಲೈವುಡ್. ನಮ್ಮ ಮೊದಲ ಕಟ್ಟೆ ಸೋತದ್ದು ಇಲ್ಲೇ. ಹಾಕಿದ್ದು ಒಳಕೋಣೆಯ ಬೀರುವಿಗೆ ಬಳಸುವ ಸಾಮಾನ್ಯ ಪ್ಲೈ. ಅಡುಗೆಮನೆಗೆ ಬೇಕಾದ್ದು ಕುದಿಯುವ ನೀರಿಗೂ ಬಿಚ್ಚಿಕೊಳ್ಳದ ಮರೀನ್ ಪ್ಲೈ. ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇರುತ್ತದೆ. ಸಾಮಾನ್ಯ ಪ್ಲೈ ಮೇಲೆ ಐಎಸ್ 303 ಎಂದಿರುತ್ತದೆ. ಈ ಎರಡು ಅಂಕಿಗಳನ್ನು ನೆನಪಿಡಿ. 18 ಮಿಲಿಮೀಟರ್ ದಪ್ಪದ್ದು ಆಗಲಿ. ಕೆಳಗೆ ಒಂದೂವರೆ ಎರಡು ಅಡಿಗೊಂದು ಆಧಾರ ಇರಲಿ.

ಮರೀನ್ ಪ್ಲೈ ಆದರೂ ಕೊಯ್ದ ಅಂಚು ಅದರ ತೆರೆದ ಬಾಯಿ. ಸಿಂಕಿಗೆಂದು ಕತ್ತರಿಸಿದ ತೂತು, ನಲ್ಲಿಯ ತೂತು, ಮುಂದಿನ ಅಂಚು, ಈ ಎಲ್ಲ ಕಡೆ ಎರಡು ಕೈ ವಾರ್ನಿಷ್ ಅಥವಾ ಬಣ್ಣ ಬಳಿದು ಬಾಯಿ ಮುಚ್ಚಬೇಕು. ಹತ್ತು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಆ ಹತ್ತು ನಿಮಿಷ ಯಾರೂ ಕೊಡಲಿಲ್ಲ. ಅದಕ್ಕೆ ನಾವು ಕಳೆದುಕೊಂಡದ್ದು ಒಂದು ಇಡೀ ಕಟ್ಟೆ.

ಈಗ ಅಂಟು. ಇದು ಕೇಳಲು ಸಣ್ಣ ವಿಷಯ. ಮೊದಲ ಸಲ ನಮ್ಮಲ್ಲಿ ನಾಲ್ಕು ಮೂಲೆಗೆ, ನಡುವೆ ಎರಡು ಕಡೆ ಮುದ್ದೆ ಮುದ್ದೆ ಅಂಟು ಹಾಕಿದ್ದರು. ಉಳಿದ ಕಡೆ ಗಾಳಿ. ಹಾಗೆ ಮಾಡಬಾರದು. ಹಲ್ಲಿನ ಕರಣೆಯಿಂದ ಇಡೀ ಮೈಗೆ ಸಮನಾಗಿ ಅಂಟು ಎಳೆಯಬೇಕು. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರಡಿಸಬೇಕು. ಆಮೇಲೆ ಮೇಲೆ ಭಾರ ಹೇರಬೇಕು. ನಮ್ಮಲ್ಲಿ ಮರಳಿನ ಚೀಲ ಸಾಲಲಿಲ್ಲ. ಅಮ್ಮ ಅಕ್ಕಿ ಮೂಟೆಯನ್ನೂ ತಂದು ಇಡಿಸಿದರು. ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟೆವು.

ಮರುದಿನ ಮೂಟೆ ಇಳಿಸಿ ಆ ಹಿರಿಯರು ಕಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ಗೆಣ್ಣಿನಿಂದ ತಟ್ಟುತ್ತ ಹೋದರು. ವೈದ್ಯರು ಎದೆ ತಟ್ಟಿ ನೋಡುವಂತೆ. ದಬ್, ದಬ್, ದಬ್. ಎಲ್ಲೂ ಸದ್ದು ಬದಲಾಗಲಿಲ್ಲ. "ಈಗ ಕೂತ್ಕೊಂತು ಅಮ್ಮಾ," ಅಂದರು.

ಮೂರು ಬೆರಳು ಮಡಿಚಿದೆವು. ಎತ್ತರ, ಲೋಹ, ತಳ. ತಳಕ್ಕೆ ಟೊಳ್ಳು ಇರಬಾರದು, ನೀರಿಗೆ ಬಾಯಿ ಇರಬಾರದು. ನಾಲ್ಕನೆಯದು ಅಂಚು.

ಅಂಚು ಎಂದಾಗ ಮೊದಲ ಪ್ರಶ್ನೆ ಅಳತೆಯದು. ನಮ್ಮ ಮನೆಗಳ ಗೋಡೆ ನೇರ ಇರುವುದು ಅಪರೂಪ. ಮೂಲೆಮಟ್ಟ ಇಟ್ಟು ನೋಡಿದರೆ ಸಂದು ಕಾಣುತ್ತದೆ. ಕಲ್ಲಾದರೆ ಸ್ಥಳದಲ್ಲೇ ಕೊಯ್ದು ಸರಿಮಾಡುತ್ತಾರೆ. ಸ್ಟೀಲ್ ಹಾಗಲ್ಲ. ವರ್ಕ್‌ಶಾಪಿನಲ್ಲಿ ಮಡಿಸಿ ತಂದ ಮೇಲೆ ತಿದ್ದುವುದು ಕಷ್ಟ. ಹಾಗಾಗಿ ದಪ್ಪ ರಟ್ಟಿನಲ್ಲಿ ಕಟ್ಟೆಯ ಆಕಾರವನ್ನೇ ಕತ್ತರಿಸಿ, ಗೋಡೆಗೆ ಹೊಂದಿಸಿ ನೋಡಿ, ಆ ರಟ್ಟನ್ನೇ ವರ್ಕ್‌ಶಾಪಿಗೆ ಕೊಡಬೇಕು. ದರ್ಜಿಗೆ ಅಳತೆ ರವಿಕೆ ಕೊಟ್ಟಂತೆ. ಬಾಗಿಲಿನ ಅಗಲ, ಮೆಟ್ಟಿಲಿನ ತಿರುವನ್ನೂ ಅಳೆಯಿರಿ. 8 ಅಡಿಯ ಕಟ್ಟೆ ಒಳಗೆ ಬರಬೇಕಲ್ಲ.

ಶೀಟು ಎಷ್ಟು ಬೇಕು? ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 8 ಅಡಿಗೆ 4 ಅಡಿ. ಕಟ್ಟೆ ಎರಡಡಿ ಅಗಲ, ಹಾಗಾದರೆ ಒಂದು ಶೀಟಿಗೆ ಎರಡು ಕಟ್ಟೆ ಎಂದು ಅನಿಸುತ್ತದೆ. ಆಗುವುದಿಲ್ಲ. ಮುಂದಿನ ಅಂಚು ಒಂದೂವರೆ ಅಂಗುಲ ಕೆಳಗೆ ಮಡಿಯಬೇಕು. ಅಲ್ಲಿಂದ ಅರ್ಧ ಅಂಗುಲ ಒಳಗೆ ಮಡಿಯಬೇಕು. ಹಿಂದೆ ಗೋಡೆಯ ಮೇಲೆ 4 ಅಂಗುಲ ಏರಬೇಕು. ಎಲ್ಲ ಸೇರಿ ಎರಡೂವರೆ ಅಡಿ. ಉಳಿದ ಒಂದೂವರೆ ಅಡಿ ಪಟ್ಟಿಯನ್ನು ಬಿಸಾಡಬೇಡಿ. ನಮ್ಮಲ್ಲಿ ಅದು ಡಬ್ಬಿ ಇಡುವ ಹಲಗೆಗೆ ಹೊದಿಸಲು ಬಂತು.

ಹಿಂದಿನ ಭಾಗವನ್ನು ಮೇಲಕ್ಕೆ ಮಡಿಸುವುದು ಯಾಕೆ? ಗೋಡೆಗೂ ಕಟ್ಟೆಗೂ ನಡುವಿನ ಮೂಲೆಯೇ ನೀರು ಇಳಿಯುವ ಜಾಗ. ಒಂದೇ ತಗಡು ಮಡಿದು ಮೇಲೇರಿದರೆ ಆ ಮೂಲೆಯಲ್ಲಿ ಸಂದೇ ಇಲ್ಲ. ಮುಂದಿನ ಅಂಚನ್ನು ಒಳಗೆ ಮಡಿಸುವುದು ಯಾಕೆ? ಕೊಯ್ದ ತಗಡಿನ ಅಂಚು ಬ್ಲೇಡಿನಂತೆ ಚೂಪು. ಒರೆಸುವ ಕೈಗೆ, ಓಡಾಡುವ ಮಗುವಿನ ಹಣೆಗೆ ಅದು ತಾಗಬಾರದು. ಕೆಲಸ ಮುಗಿದ ಮೇಲೆ ನೀವೇ ಒಂದು ಹತ್ತಿಬಟ್ಟೆಯನ್ನು ಅಂಚಿನ ಉದ್ದಕ್ಕೂ, ಮೂಲೆಗಳ ಕೆಳಗೂ ಎಳೆದು ನೋಡಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಅರ ಹಾಕಿಸಿ.

ಗೋಡೆಗೆ ತಗಡನ್ನು ಒತ್ತಿ ಕೂರಿಸಬಾರದು. ಬಿಸಿಯಾದಾಗ ಉಕ್ಕು ಬೆಳೆಯುತ್ತದೆ. ಇಡೀ 8 ಅಡಿ ತಗಡು 50 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ಜಾಗ ಇಲ್ಲದಿದ್ದರೆ ನಡುವೆ ಉಬ್ಬುತ್ತದೆ. ತಣಿದಾಗ ಟಪ್ ಎಂದು ಕೆಳಗೆ ಕೂರುತ್ತದೆ. ಗೋಡೆಯ ಕಡೆ ಎರಡು ಮೂರು ಮಿಲಿಮೀಟರ್ ಬಿಟ್ಟು, ಆ ಸಂದಿಗೆ ಸಿಲಿಕಾನ್ ತುಂಬಿಸಿ. ಅದು ರಬ್ಬರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ನೀರನ್ನೂ ತಡೆಯುತ್ತದೆ.

ಎರಡು ತಗಡು ಸೇರುವ ಕಡೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ. ಬೆಸುಗೆಯನ್ನು ಸಾಣೆ ಹಿಡಿಯುವಾಗ ಒಂದು ಎಚ್ಚರ ಬೇಕು. ಕಬ್ಬಿಣದ ಗೇಟು ಉಜ್ಜಿದ ಸಾಣೆ ಚಕ್ರವನ್ನೇ ಸ್ಟೀಲಿಗೆ ಬಳಸಬಾರದು. ಚಕ್ರದಲ್ಲಿ ಉಳಿದ ಕಬ್ಬಿಣದ ಪುಡಿ ಸ್ಟೀಲಿನೊಳಗೆ ಹೂತು, ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಯಾಗಿ ಏಳುತ್ತದೆ. "ಹೊಸ ಚಕ್ರ ಹಾಕಿ" ಎಂದು ಹೇಳಿ. ಇನ್ನೊಂದು ಎಚ್ಚರ ಗಾರೆ ಕೆಲಸದ್ದು. ಟೈಲ್ಸ್ ಹಾಕಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಹಾಕಿ ತೊಳೆಯುತ್ತಾರೆ. ಅದರ ಹೊಗೆ ಸಾಕು, ಹೊಸ ಸ್ಟೀಲಿಗೆ ಕಂದು ಹಿಡಿಯಲು. ಆದ್ದರಿಂದ ಮೊದಲು ಟೈಲ್ಸ್, ಆ್ಯಸಿಡ್, ನೀರು ಹಾಕಿ ಚೆನ್ನಾಗಿ ತೊಳೆಯುವುದು, ಮನೆಗೆ ಗಾಳಿಯಾಡಿಸುವುದು. ಕೊನೆಗೆ ಸ್ಟೀಲ್ ಒಳಗೆ ಬರಲಿ.

ನಾಲ್ಕು ಬೆರಳು ಆಯಿತು. ಎತ್ತರ, ಲೋಹ, ತಳ, ಅಂಚು. ಉಳಿದದ್ದು ಹೆಬ್ಬೆರಳು. ಇದು ಜೀವದ ಮಾತು. ದಯವಿಟ್ಟು ಗಮನವಿಟ್ಟು ಕೇಳಿ.

ಕಲ್ಲು ವಿದ್ಯುತ್ತನ್ನು ಸಲೀಸಾಗಿ ಹರಿಸುವುದಿಲ್ಲ. ಸ್ಟೀಲ್ ಹರಿಸುತ್ತದೆ. ಅದೇ ಕಟ್ಟೆಯ ಮೇಲೆ ಮಿಕ್ಸಿ ಇದೆ, ಗ್ರೈಂಡರ್ ಇದೆ, ಎಲೆಕ್ಟ್ರಿಕ್ ಕೆಟಲ್ ಇದೆ. ಯಾವುದಾದರೊಂದರ ತಂತಿ ಸುಲಿದು ಕಟ್ಟೆಗೆ ತಾಗಿದರೆ ಇಡೀ ಕಟ್ಟೆಗೆ 230 ವೋಲ್ಟ್ ಬರುತ್ತದೆ. ಒದ್ದೆ ಕೈ, ಒದ್ದೆ ನೆಲ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಇದಕ್ಕೆ ಎರಡು ಕಾವಲು ಬೇಕು. ಒಂದು, ಕಟ್ಟೆಯ ಕೆಳಗೆ, ಕಣ್ಣಿಗೆ ಬೀಳದ ಕಡೆ, ಒಂದು ಬೋಲ್ಟ್ ಬೆಸೆಸಿ. ಅದಕ್ಕೆ ಹಸಿರು ತಂತಿ ಕಟ್ಟಿ ಮನೆಯ ಅರ್ಥಿಂಗಿಗೆ ಸೇರಿಸಿ. ಸೋರಿದ ವಿದ್ಯುತ್ತು ನಿಮ್ಮ ಮೈ ಹುಡುಕದೆ ಭೂಮಿಗೆ ಇಳಿಯುತ್ತದೆ. ಎರಡು, ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸ್ವಿಚ್ ಹಾಕಿಸಿ. 30 ಮಿಲಿಆಂಪಿಯರಿನದು. ವಿದ್ಯುತ್ತು ಅಷ್ಟು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಇವೆರಡನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿ ಸತ್ತಿರುತ್ತದೆ. ಅದನ್ನೂ ಅಳೆಸಿ ನೋಡಿ.

ಗ್ಯಾಸಿನ ಪೈಪನ್ನೂ ಮರೆಯಬೇಡಿ. ಕಟ್ಟೆಯಲ್ಲಿ ತೂತು ಕೊರೆದು ಪೈಪು ಇಳಿಸಿದ್ದರೆ ತಗಡಿನ ಅಂಚು ಅದನ್ನು ದಿನವೂ ಕೊರೆಯುತ್ತದೆ. ತೂತಿಗೆ ರಬ್ಬರ್ ಉಂಗುರ ಹಾಕಿಸಿ. ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಕಟ್ಟೆಯ ಜೊತೆಗೆ ಹೊಸ ಪೈಪೂ ಬರಲಿ.

ಐದು ಮಾತು ಮುಗಿಯಿತು. ಇನ್ನು ಕಟ್ಟೆಯೊಂದಿಗೆ ಬಾಳುವ ರೀತಿ. ಇದಕ್ಕೆ ಹೆಚ್ಚು ಹೊತ್ತು ಬೇಡ.

ತಗಡಿನ ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಕೆಲಸ ಮುಗಿದ ದಿನವೇ ಸುಲಿಯಿರಿ. ಒಲೆಯ ಬಿಸಿಗೆ ಅದು ಅಂಟಿ ಹಿಡಿಯುತ್ತದೆ. ಒರೆಸುವಾಗ ಗೆರೆಯ ದಿಕ್ಕಿನಲ್ಲೇ ಒರೆಸಿ, ಸುತ್ತಿ ಸುತ್ತಿ ಉಜ್ಜಬೇಡಿ. ಕಬ್ಬಿಣದ ನಾರು ಬೇಡ. ಬ್ಲೀಚಿಂಗ್ ಪುಡಿಯ ನೀರು ನಿಲ್ಲಬಾರದು. ಅದರಲ್ಲಿರುವ ಕ್ಲೋರಿನ್ ಆ ಕಾಣದ ಪೊರೆಯನ್ನು ತಿನ್ನುತ್ತದೆ. ಉಪ್ಪಿನಕಾಯಿಯ ರಸ ಚೆಲ್ಲಿದರೆ ಆಗಲೇ ಒರೆಸಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಿಂಬೆಹೋಳು ಸಾಕು, ಉಜ್ಜಿದ ಮೇಲೆ ತೊಳೆದು ಒರೆಸಿಬಿಡಿ. ಒದ್ದೆ ಕಬ್ಬಿಣದ ಕಾವಲಿ ಇಟ್ಟ ಜಾಗದಲ್ಲಿ ತುಕ್ಕಿನ ಉಂಗುರ ಕಂಡರೆ ಗಾಬರಿ ಬೇಡ. ಅದು ಕಾವಲಿಯ ತುಕ್ಕು, ಕಟ್ಟೆಯದಲ್ಲ.

ಬೆಂಕಿಯಿಂದ ಇಳಿಸಿದ ಬಾಣಲೆಯನ್ನು ನೇರ ತಗಡಿನ ಮೇಲೆ ಇಡಬೇಡಿ. ಸ್ಟೀಲಿಗೆ ಏನೂ ಆಗದಿರಬಹುದು. ಕೆಳಗಿನ ಅಂಟು ಬಿಡುತ್ತದೆ, ಅಲ್ಲಿ ಟೊಳ್ಳು ಹುಟ್ಟುತ್ತದೆ. ತುಕ್ಕು ಹಿಡಿಯದ ಉಕ್ಕು ತಾಮ್ರದಂತೆ ಬಿಸಿಯನ್ನು ಹರಡುವುದಿಲ್ಲ, ಬಿದ್ದ ಬಿಸಿಯೆಲ್ಲ ಒಂದೇ ಕಡೆ ನಿಲ್ಲುತ್ತದೆ. ಒಂದು ಮರದ ಮಣೆ ಇಡಿ. ತರಕಾರಿ ಹೆಚ್ಚಲೂ ಮಣೆಯೇ ಇರಲಿ. ಕಟ್ಟೆಗೆ ಗೀರು ತಪ್ಪುತ್ತದೆ, ಚಾಕುವಿನ ಬಾಯಿ ಉಳಿಯುತ್ತದೆ.

ಕೇಳುಗರೇ, ಹೇಳಿದ್ದನ್ನು ಒಮ್ಮೆ ಒಟ್ಟುಮಾಡುತ್ತೇನೆ. ಎತ್ತರವನ್ನು ಮೊಣಕೈಯಿಂದ ಅಳೆಯಿರಿ. ಲೋಹವನ್ನು ಅಂಕಿಯಿಂದ ಕೇಳಿ, ತಕ್ಕಡಿಯಿಂದ ಪರೀಕ್ಷಿಸಿ. ತಳಕ್ಕೆ ಟೊಳ್ಳು ಬಿಡಬೇಡಿ. ಅಂಚಿಗೆ ನೀರಿನ ದಾರಿ ಬಿಡಬೇಡಿ. ವಿದ್ಯುತ್ತಿಗೆ ಮಾತ್ರ ಭೂಮಿಯ ದಾರಿ ಬಿಡಿ. ಈ ಐದರಲ್ಲಿ ಒಂದೂ ನೆಂಟರಿಷ್ಟರ ಕಣ್ಣಿಗೆ ಬೀಳುವುದಿಲ್ಲ. ಕೆಲಸದವರು ಇದಕ್ಕೆ ಹೆಚ್ಚು ಹೊತ್ತು ಕೇಳಿದರೆ ಕೊಡಿ. ಹೆಚ್ಚು ಕೂಲಿ ಕೇಳಿದರೂ ಕೊಡಿ. ಹೊಳಪಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಕಾಣದ ಕೆಲಸಕ್ಕೆ ತೆಗೆದಿಡಿ.

ನಮ್ಮ ಎರಡನೇ ಕಟ್ಟೆ ಕೂತು ಒಂದು ವಾರ ಆಗಿತ್ತು. ಚೆನ್ನಾಗಿದೆಯೇ ಎಂದು ಅಮ್ಮನನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಏಳೂವರೆಗೆ ಎದ್ದು ಅಡುಗೆಮನೆಗೆ ಹೋದೆ. ಇಡ್ಲಿ ಬೆಂದಿತ್ತು, ಚಟ್ನಿ ಒಗ್ಗರಣೆ ಆಗಿತ್ತು. ಕುಕ್ಕರ್ ಕಟ್ಟೆಯ ಮೇಲೆ ಮಣೆಯಲ್ಲಿ ಕೂತಿತ್ತು. ಮಗ ಇನ್ನೂ ಮಲಗಿಯೇ ಇದ್ದ. ಹಿತ್ತಲ ಬಾಗಿಲು ತೆರೆದಿತ್ತು. ಹೊರಗೆ ತಂತಿಯ ಮೇಲೆ ಆ ನಾಲ್ಕು ಮಡಿಕೆಯ ಹಳೆಯ ಟವೆಲು ಒಗೆದು, ಬಿಡಿಸಿ, ಒಣಗಲು ಹಾಕಿತ್ತು. ಅದು ಮತ್ತೆ ಕಟ್ಟೆಗೆ ಬರಲಿಲ್ಲ.